ಕೌಂಟರಿನಿಂದ ಸಕಾಲ ಸಂಖ್ಯೆಯವರೆಗೆ: ಡಿಜಿಟಲ್ ಸೇವೆಗೆ ಹಣ ಹೊಂದಿಸಿದ ಮಲೆನಾಡಿನ ಒಂದು ಗ್ರಾಮ ಪಂಚಾಯಿತಿಯ ಪ್ರಕರಣ

ಈ ಬರಹ ಶಿವಮೊಗ್ಗ ಜಿಲ್ಲೆಯ ಪಶ್ಚಿಮದಂಚಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಡೆದುದನ್ನು ಕುರಿತದ್ದು. ಪಂಚಾಯಿತಿಯ ಹೆಸರು, ತಾಲ್ಲೂಕು, ಭಾಗವಹಿಸಿದವರು, ಹಣ ಕೊಡಲು ಮುಂದೆ ಬಂದ ಕಂಪನಿ, ತಂತ್ರಾಂಶ ಸಿದ್ಧಪಡಿಸಿದ ಕಾಲೇಜು ಯಾವುದನ್ನೂ ಇಲ್ಲಿ ಹೆಸರಿಸಿಲ್ಲ. ಗುರುತು ಹಿಡಿಯಲು ದಾರಿ ಮಾಡಿಕೊಡಬಹುದಾದ ಮೊತ್ತಗಳನ್ನೂ ಇಸವಿಗಳನ್ನೂ ಬಿಟ್ಟಿದ್ದೇನೆ. ಯೋಜನಾ ವರದಿ ಸಿದ್ಧಪಡಿಸುವಲ್ಲಿ ಪಂಚಾಯಿತಿಗೆ ನೆರವಾಗುತ್ತಿದ್ದುದರಿಂದ ಸಭೆಗಳಲ್ಲಿ ಕುಳಿತು ಕೇಳುವ, ಕಡತಗಳನ್ನು ಓದುವ ಅವಕಾಶ ನನಗೆ ಸಿಕ್ಕಿತ್ತು.

ಸರ್ಕಾರಿ ಸೇವೆಯಲ್ಲಿ ಡಿಜಿಟಲ್ ಹೊಸತನ ತರಲು ಹಣ ಎಲ್ಲಿ ಸಿಗುತ್ತದೆ ಎಂದು ಅನೇಕ ಪಂಚಾಯಿತಿಗಳು ಕೇಳುತ್ತವೆ. ಈ ಪಂಚಾಯಿತಿಯೂ ಅಲ್ಲಿಂದಲೇ ಆರಂಭಿಸಿತು. ಕೊನೆಗೆ ಅದು ಬಂದು ನಿಂತ ಪ್ರಶ್ನೆ ಬೇರೆ: ಮೂರನೆಯ ವರ್ಷದ ಖರ್ಚನ್ನು ಯಾರು ಹೊರುತ್ತಾರೆ? ಅದಕ್ಕೆ ಉತ್ತರವನ್ನು ಠರಾವಿನಲ್ಲಿ ಬರೆದುಕೊಂಡ ಮೇಲೆಯೇ ಅನುದಾನದ ಕೋರಿಕೆಗಳು ಫಲ ಕೊಡತೊಡಗಿದವು. ಇದೇ ದಾರಿಯಲ್ಲಿರುವ ಇತರರಿಗೆ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಪಂಚಾಯಿತಿ ಶರಾವತಿ ಕಣಿವೆಯ ಕಡೆಯದು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಸೇರಿ ಊರಾಗಿಲ್ಲ. ಒಂದು ಅಡಕೆ ತೋಟ, ಅದರ ಮೇಲೆ ಸೊಪ್ಪಿನಬೆಟ್ಟ, ಕೆಳಗೆ ಗದ್ದೆ, ನಡುವೆ ಎರಡೋ ಮೂರೋ ಮನೆ. ಮುಂದಿನ ಮನೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಹಲವು ಮಜರೆಗಳಿಗೆ ಮಳೆಗಾಲದಲ್ಲಿ ಕಾಲುಸಂಕವೇ ದಾರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ಮುಳುಗಡೆಯಾದ ಊರುಗಳಿಂದ ಎದ್ದು ಬಂದ ಕುಟುಂಬಗಳೂ ಇಲ್ಲಿವೆ. ಜಮೀನಿನ, ಮನೆ ಜಾಗದ ದಾಖಲೆ ಪೂರ್ತಿ ಸರಿಯಾಗದ ಮನೆತನಗಳಿಗೆ ಒಂದಲ್ಲ ಒಂದು ಕಾಗದಕ್ಕಾಗಿ ಕಚೇರಿಗೆ ಬರುವುದು ತಲೆಮಾರಿನಿಂದ ತಲೆಮಾರಿಗೆ ಮುಂದುವರಿದ ಕೆಲಸ.

ಸೇವೆಗಳನ್ನು ಗಣಕಕ್ಕೆ ತರುವುದರಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಪಹಣಿಯನ್ನು ಗಣಕಕ್ಕೆ ತಂದಿತು. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಗೆ ಬಂದು, ಸೇವೆಗೊಂದು ಗಡುವನ್ನೂ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರವನ್ನೂ ಗೊತ್ತುಪಡಿಸಿತು. ಆಮೇಲೆ ಸರ್ಕಾರಿ ಸೇವೆಗಳಿಗೆ ಅರ್ಜಿ ಹಾಕಲು ಬಾಪೂಜಿ ಸೇವಾ ಕೇಂದ್ರ, ಸೇವಾ ಸಿಂಧು ಜಾಲತಾಣ, ಗ್ರಾಮ ಒನ್ ಕೇಂದ್ರಗಳು ಬಂದವು. ಹೀಗಿರುವಾಗ ಒಂದು ಗ್ರಾಮ ಪಂಚಾಯಿತಿ ತನ್ನದೇ ಡಿಜಿಟಲ್ ವ್ಯವಸ್ಥೆಗಾಗಿ ಹಣ ಕೇಳಿದರೆ, ಇದೆಲ್ಲ ಇದ್ದ ಮೇಲೆ ಇನ್ನೇನು ಬೇಕು ಎಂದು ಮೇಲಿನವರು ಕೇಳುವುದು ಸಹಜ. ಈ ಪಂಚಾಯಿತಿಗೆ ಆ ಪ್ರಶ್ನೆ ಹೋದಲ್ಲೆಲ್ಲ ಎದುರಾಯಿತು. ಮೊದಮೊದಲು ಅದರ ಬಳಿ ಉತ್ತರವಿರಲಿಲ್ಲ.

ಸಮಸ್ಯೆ ಎಲ್ಲಿತ್ತು

ಮೊದಲ ಕರಡಿನಲ್ಲಿ ಪಂಚಾಯಿತಿ ಕೇಳಿದ್ದು ಒಂದು ದೊಡ್ಡ ಮೊಬೈಲ್ ಆ್ಯಪ್: ಎಲ್ಲ ಸೇವೆಗಳ ಅರ್ಜಿ, ತೆರಿಗೆ ಪಾವತಿ, ನೀರಿನ ದೂರು, ಗ್ರಾಮ ಸಭೆಯ ನಡಾವಳಿ, ಎಲ್ಲವೂ ಒಂದೇ ಕಡೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಪಂಚಾಯಿತಿ ಆಡಳಿತಕ್ಕೂ ಆಸ್ತಿ ದಾಖಲೆಗೂ ಇರುವ ಸರ್ಕಾರದ ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳಲ್ಲಿ ಆಗಲೇ ಇತ್ತು. ಹೊರಗಿನ ಆ್ಯಪ್ ಒಂದು ಆ ತಂತ್ರಾಂಶಗಳೊಳಗೆ ನೇರವಾಗಿ ದಾಖಲೆ ಸೇರಿಸಲು ಪಂಚಾಯಿತಿ ಮಟ್ಟದಲ್ಲಿ ಅನುಮತಿ ಸಿಗುವ ಹಾಗಿರಲಿಲ್ಲ. ಆ್ಯಪ್ ಬಂದಿದ್ದರೆ ಗಣಕಯಂತ್ರ ನಿರ್ವಾಹಕರು ಒಂದೇ ಅರ್ಜಿಯನ್ನು ಎರಡು ಸಲ ಟೈಪ್ ಮಾಡಬೇಕಾಗುತ್ತಿತ್ತು, ಅಷ್ಟೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಇಲ್ಲಿ ತೆಗೆದುಕೊಂಡ ನಿರ್ಧಾರ ಸರಳವಾದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮೊದಲ ತಿರುವು. ಆ್ಯಪ್‌ನ ಚರ್ಚೆಯನ್ನು ಬದಿಗಿಟ್ಟು, ಮಳೆಗಾಲ ಮುಗಿಯುವವರೆಗೆ ಕೌಂಟರಿಗೆ ಬಂದವರ ವಿವರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅವರು ನಿರ್ವಾಹಕರಿಗೆ ಹೇಳಿದರು. ಯಾರು ಬಂದರು, ಯಾವ ಮಜರೆಯಿಂದ, ಯಾವ ಸೇವೆಗೆ, ಅರ್ಜಿ ಗಣಕಕ್ಕೆ ಹತ್ತಿದ ದಿನ ಯಾವುದು, ಅದೇ ವ್ಯಕ್ತಿ ಮತ್ತೆ ಬಂದರೆ ಯಾಕೆ ಬಂದರು, ಇಷ್ಟೇ ಕಲಮುಗಳು.

ನೋಟ್‌ಬುಕ್ಕು ತೋರಿಸಿದ್ದು ಇದು. ಆಷಾಢದ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ಈ ಕಡೆ ದಿನಗಟ್ಟಲೆ ಕರೆಂಟಿಲ್ಲ. ಕರೆಂಟು ಹೋದ ಹಿಂದೆಯೇ ಟವರಿನ ಬ್ಯಾಟರಿ ಇಳಿದು ನೆಟ್‌ವರ್ಕೂ ಹೋಗುತ್ತದೆ. ರಸ್ತೆ ಕೆಲಸದ ಅಗೆತದಲ್ಲಿ ಪಂಚಾಯಿತಿಗೆ ಬಂದ ಭಾರತ್‌ನೆಟ್ (ಹಳ್ಳಿಗಳಿಗೆ ಇಂಟರ್ನೆಟ್ ತರುವ ಕೇಂದ್ರದ ಯೋಜನೆ) ಕೇಬಲ್ ತುಂಡಾಗುವುದೂ ಉಂಟು. ಆಗ ಬಂದವರ ಕಾಗದಗಳನ್ನು ಸಿಬ್ಬಂದಿ ಸದುದ್ದೇಶದಿಂದಲೇ ಇಟ್ಟುಕೊಳ್ಳುತ್ತಿದ್ದರು, ಸರ್ವರ್ ಬಂದ ದಿನ ಸೇರಿಸುತ್ತಿದ್ದರು. ಗಣಕಕ್ಕೆ ಸೇರಿದ ಮೇಲಷ್ಟೇ ಹದಿನೈದು ಅಂಕಿಯ ಸಕಾಲ ಸಂಖ್ಯೆ ಹುಟ್ಟುತ್ತದೆ. ಗಡುವಿನ ಎಣಿಕೆ ಶುರುವಾಗುವುದೂ ಅಲ್ಲಿಂದಲೇ. ಕೌಂಟರಿನಲ್ಲಿ ಕಾಗದ ಕೊಟ್ಟ ದಿನಕ್ಕೂ ಆ ಸಂಖ್ಯೆ ಹುಟ್ಟಿದ ದಿನಕ್ಕೂ ನಡುವಿನ ಅವಧಿಯಲ್ಲಿ ಅರ್ಜಿದಾರರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅವರು ಮತ್ತೆ ಮತ್ತೆ ಬರುತ್ತಿದ್ದುದು, ನನ್ನ ಅರ್ಜಿ ಸೇರಿತೋ ಇಲ್ಲವೋ ಎಂದು ಕೇಳುವುದಕ್ಕೇ ಆಗಿತ್ತು. ಸಕಾಲದ ಎಸ್‌ಎಂಎಸ್ ಹೋಗುತ್ತಿದ್ದುದಾದರೂ ಎಲ್ಲಿಗೆ? ಎಷ್ಟೋ ಅರ್ಜಿಗಳಲ್ಲಿ ಇದ್ದದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನದೋ ಅಳಿಯನದೋ ಮೊಬೈಲ್ ಸಂಖ್ಯೆ.

ವಾರ್ಡ್ ಸಭೆಯೊಂದರಲ್ಲಿ ಹೊಳೆಯಾಚೆಯ ಕೂಲಿ ಹೆಂಗಸೊಬ್ಬರು ಎದ್ದು ನಿಂತು ಹೇಳಿದ ಮಾತು ನಡಾವಳಿಯಲ್ಲಿ ಹಾಗೇ ದಾಖಲಾಗಿದೆ: "ಮೇಡಂ, ಸರ್ಟಿಫಿಕೇಟಿಗೆ ಬರದು ಒಂದಿನ. ಅದು ಎಲ್ಲಿಗೆ ಬಂತು ಅಂತ ಕೇಳಕ್ಕೆ ಇನ್ನೊಂದಿನದ ಕೂಲಿ ಬಿಟ್ಟು ಬರಬೇಕು. ಅದೊಂದು ತಪ್ಪಿಸಿಕೊಡಿ ಸಾಕು."

ಸಾಕಷ್ಟು ದೊಡ್ಡದಾಗಿದ್ದ ಯೋಜನೆ ಆ ಮಾತಿನ ಅಳತೆಗೆ ಇಳಿಯಿತು. ಕಾಗದ ಕೊಟ್ಟ ಕ್ಷಣದಲ್ಲೇ ದಿನಾಂಕ ಸಮೇತ ಒಂದು ಸ್ಥಳೀಯ ಸಂಖ್ಯೆ, ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುವ ಟ್ಯಾಬ್, ಅರ್ಜಿ ಎಲ್ಲಿದೆ ಎಂಬುದನ್ನು ಮಜರೆಗೇ ಮುಟ್ಟಿಸುವ ಏರ್ಪಾಡು: ಇಷ್ಟು ಸಾಕೆಂದು ತೀರ್ಮಾನವಾಯಿತು. ಇದೆಲ್ಲ ಇದ್ದ ಮೇಲೆ ಇನ್ನೇನು ಬೇಕು ಎಂಬ ಪ್ರಶ್ನೆಗೂ ಆಗ ಒಂದೇ ವಾಕ್ಯದ ಉತ್ತರ ಸಿಕ್ಕಿತು: ಕೌಂಟರಿನಿಂದ ಸಕಾಲ ಸಂಖ್ಯೆಯವರೆಗಿನ ಅಂತರವನ್ನು ಯಾವ ತಂತ್ರಾಂಶವೂ ನೋಡಿಕೊಳ್ಳುತ್ತಿಲ್ಲ.

ತಟ್ಟಿದ ಬಾಗಿಲುಗಳು

ಹಣಕ್ಕಾಗಿ ಪಂಚಾಯಿತಿ ವಿಚಾರಿಸಿದ ಕಡೆಗಳೆಲ್ಲ ನಿಜವಾಗಿಯೂ ಹಣವಿದ್ದ ಕಡೆಗಳೇ. ಪ್ರತಿಯೊಂದಕ್ಕೂ ತನ್ನದೇ ಉದ್ದೇಶವಿತ್ತು, ಆ ಉದ್ದೇಶದೊಳಗೆ ಈ ಯೋಜನೆ ಪೂರ್ತಿ ಕೂರುತ್ತಿರಲಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಬೇರೆಯವರಿಗೆ ಬಹಳ ಸಮಯ ಉಳಿಯುತ್ತದೆ.

ಮೊದಲು ವಿಚಾರಿಸಿದ್ದು ರಾಜ್ಯ ಸರ್ಕಾರದ 'ಎಲಿವೇಟ್' ಕಾರ್ಯಕ್ರಮವನ್ನು. ಅದು ಕರ್ನಾಟಕದಲ್ಲಿ ನೋಂದಾಯಿತವಾದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಅರ್ಜಿ ಹಾಕುವ ಅರ್ಹತೆ ಉದ್ಯಮಕ್ಕೆ ಮಾತ್ರ. ಸ್ಥಳೀಯ ಸಂಸ್ಥೆಗೆ ಇಲ್ಲ. ಶಿವಮೊಗ್ಗದ ಯುವಕರ ತಂಡವೊಂದು ನಾವು ಅರ್ಜಿ ಹಾಕುತ್ತೇವೆ, ನೀವು ನಮ್ಮ ಪ್ರಯೋಗಕ್ಕೆ ಸ್ಥಳವಾಗಿ ಎಂದು ಕೇಳಿತು. ಅವರ ಉತ್ಸಾಹ ಪ್ರಾಮಾಣಿಕವಾದದ್ದು. ಆದರೆ ನವೋದ್ಯಮಕ್ಕೆ ಸಿಗುವ ಅನುದಾನ ಅದರ ಉತ್ಪನ್ನವನ್ನು ಬೆಳೆಸುವುದಕ್ಕೆ; ನಾಳೆ ಆ ಉತ್ಪನ್ನಕ್ಕೆ ವರ್ಷದ ಶುಲ್ಕ ಕಟ್ಟಬೇಕಾದವರು ಯಾರು ಎಂದಾಗ ಬೊಟ್ಟು ಮತ್ತೆ ಪಂಚಾಯಿತಿಯ ಕಡೆಗೇ ತಿರುಗುತ್ತಿತ್ತು. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಬಗ್ಗೆಯೂ ಯಾರೋ ಹೇಳಿದರು. 2017ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಸರ್ಕಾರದ ಇಲಾಖೆಗಳು ಮುಂದಿಡುವ ಸಮಸ್ಯೆಗಳಿಗೆ ವಿದ್ಯಾರ್ಥಿಗಳು ಪರಿಹಾರ ಕಟ್ಟುತ್ತಾರೆ. ಸಮಸ್ಯೆಯನ್ನು ಚೊಕ್ಕವಾಗಿ ಬರೆಯುವುದನ್ನು ಕಲಿಯಲು ಅದು ಒಳ್ಳೆಯ ಮಾದರಿ. ಬಹುಮಾನದ ಹಣದಿಂದ ಮಾತ್ರ ಸೇವೆ ನಡೆಯುವುದಿಲ್ಲ.

ಶಿವಮೊಗ್ಗದಲ್ಲೇ ಕೇಂದ್ರ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ, ಮೋರಿ, ಕಾಲುಸಂಕದಂಥ ಕಾಮಗಾರಿಗಳಿಗೆ ಹೆಸರಾದದ್ದು. ಅಲ್ಲಿ ತಂತ್ರಾಂಶದ ಮಾತು ಮುಂದೆ ಹೋಗಲಿಲ್ಲ. ಶಾಸಕರ ನಿಧಿಯಿಂದ ಬಾಳಿಕೆಯ ಆಸ್ತಿ ಕೊಡಬಹುದು, ಮುಂದಿನ ಖರ್ಚು ಕೊಡಲಾಗದು ಎಂದು ಕಚೇರಿಯವರು ಗೌರವದಿಂದಲೇ ತಿಳಿಸಿದರು. ಕೇಂದ್ರ ಸಂಪುಟ 2022ರ ಏಪ್ರಿಲ್‌ನಲ್ಲಿ ಒಪ್ಪಿದ ಪರಿಷ್ಕೃತ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನದ ಒಟ್ಟು ಗಾತ್ರ 5,911 ಕೋಟಿ ರೂಪಾಯಿ. ಕೇಂದ್ರ ಮತ್ತು ನಮ್ಮಂಥ ರಾಜ್ಯಗಳ ಪಾಲು 60:40. ಅದರಲ್ಲಿ ಗಣಕಯಂತ್ರಕ್ಕೂ ತರಬೇತಿಗೂ ಜಾಗವಿತ್ತು. ಆದರೆ ಅದು ರಾಜ್ಯದ ವಾರ್ಷಿಕ ಯೋಜನೆಯ ಮೂಲಕ ಬರುವಂಥದ್ದಾಗಿತ್ತು. ಒಂದು ಪಂಚಾಯಿತಿ ಮಾಡಬಹುದಾಗಿದ್ದದ್ದು ತನ್ನ ಬೇಡಿಕೆಯನ್ನು ತಾಲ್ಲೂಕು ಪಂಚಾಯಿತಿಯ ಮೂಲಕ ಸಕಾಲದಲ್ಲಿ ಮೇಲೆ ಕಳಿಸಿ ಕಾಯುವುದು.

ಹಳೆಯ ಅಧಿಕಾರಿಯೊಬ್ಬರು ಜಿಲ್ಲಾ ನಾವೀನ್ಯ ನಿಧಿಯನ್ನು ನೆನಪಿಸಿದರು. 2010ರಿಂದ 2015ರವರೆಗಿನ 13ನೇ ಹಣಕಾಸು ಆಯೋಗ ಪ್ರತಿ ಜಿಲ್ಲೆಗೆ ಒಂದು ಕೋಟಿ ರೂಪಾಯಿಯ ಇಂಥದೊಂದು ನಿಧಿಯನ್ನು ಶಿಫಾರಸು ಮಾಡಿತ್ತು. ಜಿಲ್ಲೆಯೊಳಗೆ ಆಗಲೇ ಇರುವ ಸೌಕರ್ಯದಲ್ಲಿನ ಸಣ್ಣ ಕೊರತೆಗಳನ್ನು ತುಂಬುವುದು ಅದರ ಆಶಯ. ಅಂಥ ನಿಧಿ ಜಿಲ್ಲಾ ಮಟ್ಟದಲ್ಲಿ ಮುಂದುವರಿಯಬೇಕಿತ್ತು ಎಂದೇ ನನ್ನ ಬಲವಾದ ಅಭಿಪ್ರಾಯ. ಏಕೆಂದರೆ ಸೇವೆಗಳ ತೊಡಕುಗಳಲ್ಲಿ ಬಹುಪಾಲು ಇಂಥ ಸಣ್ಣ ಕೊರತೆಗಳೇ, ಅವಕ್ಕೆ ಹೊಂದುವ ಶೀರ್ಷಿಕೆ ಯಾವ ಆಯವ್ಯಯದಲ್ಲೂ ಸುಲಭವಾಗಿ ಸಿಗುವುದಿಲ್ಲ.

ಇನ್ನು 15ನೇ ಹಣಕಾಸು ಆಯೋಗದ ಅನುದಾನ. ಅದರಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮುಡಿಪಾಗಿತ್ತು. ಉಳಿದ ಶೇ 40 ಸ್ಥಳೀಯ ಅಗತ್ಯಗಳಿಗೆ. ವೇತನ ಮತ್ತಿತರ ಸಿಬ್ಬಂದಿ, ಕಚೇರಿ ವೆಚ್ಚಕ್ಕೆ ಅದನ್ನು ಬಳಸುವಂತಿರಲಿಲ್ಲ. ಟ್ಯಾಬ್ ಕೊಳ್ಳಬಹುದಿತ್ತು, ಟ್ಯಾಬ್ ಹಿಡಿದು ಮನೆಮನೆಗೆ ಹೋಗುವವರಿಗೆ ಗೌರವಧನ ಕೊಡುವಂತಿರಲಿಲ್ಲ. ಎಲ್ಲ ಬಾಗಿಲುಗಳಲ್ಲಿ ಕಂಡದ್ದನ್ನು ಪಿಡಿಒ ಅವರು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದರು: ವಸ್ತುವಿಗೆ ಹಣ ಕೊಡುವವರು ಹಲವರು, ಹೊಸದನ್ನು ಕಟ್ಟುವುದಕ್ಕೆ ಕೊಡುವವರು ಕೆಲವರು, ಕಟ್ಟಿದ್ದನ್ನು ನಡೆಸುವುದಕ್ಕೆ ಕೊಡುವವರು ಯಾರೂ ಇಲ್ಲ.

ಬೇಡವೆಂದ ಹಣ

ಈ ನಡುವೆ ಫೆಬ್ರುವರಿ ಕೊನೆಯಲ್ಲಿ ಒಂದು ದೊಡ್ಡ ಕಂಪನಿಯಿಂದ ಕರೆ ಬಂತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಕಂಪನಿಯ ಪ್ರತಿನಿಧಿ ಮುಂದಿಟ್ಟದ್ದು ಉದಾರವಾದ ಕೊಡುಗೆಯೇ: ಪಂಚಾಯಿತಿ ಕಚೇರಿಗೆ ಮತ್ತು ಎರಡು ದೊಡ್ಡ ಊರುಗಳಿಗೆ ಟಚ್‌ಸ್ಕ್ರೀನ್ ಕಿಯೋಸ್ಕ್‌ಗಳು, ಮಾರ್ಚ್ 31ರೊಳಗೆ ಸ್ಥಾಪನೆ, ಉದ್ಘಾಟನೆ.

ಅಧ್ಯಕ್ಷರು ಒಪ್ಪುವ ಮನಸ್ಸಿನಲ್ಲಿದ್ದರು. ಅವರ ವಾದದಲ್ಲಿ ತಪ್ಪಿರಲಿಲ್ಲ: "ಮನೆ ಬಾಗಿಲಿಗೆ ಬಂದದ್ದನ್ನು ತಿರುಗಿಸಿ ಕಳಿಸಿದರೆ ಇನ್ನೊಂದು ಸಲ ಈ ಕಡೆಗೆ ಯಾರು ಬರುತ್ತಾರೆ?" ಪಿಡಿಒ ಅವರಿಗೆ ಬೇರೆ ಚಿಂತೆ. ಕಿಯೋಸ್ಕಿಗೆ ನಿರಂತರ ಕರೆಂಟು ಬೇಕು, ಇಂಟರ್ನೆಟ್ ಬೇಕು, ಒಂದು ವರ್ಷದ ನಂತರ ನಿರ್ವಹಣಾ ಒಪ್ಪಂದ ಬೇಕು. ಕಚೇರಿಯಲ್ಲೇ ಕರೆಂಟಿಲ್ಲದ ದಿನ ಅದು ಯಾರಿಗೆ ಉಪಯೋಗ? ವಿಶೇಷ ಸಭೆ ಕರೆಯಲಾಯಿತು.

ಸಭೆಯಲ್ಲಿ ಮಾತು ಎರಡು ಕಡೆಗೂ ಎಳೆಯುತ್ತಿದ್ದಾಗ ಹೊಳೆಯಾಚೆಯ ವಾರ್ಡಿನ ಸದಸ್ಯೆ ಕೇಳಿದ್ದು ಒಂದೇ ಪ್ರಶ್ನೆ: "ಅಧ್ಯಕ್ಷರೇ, ಆ ಪೆಟ್ಟಿಗೆ ಕಚೇರಿಯಲ್ಲಿ ಇರೂದಲ್ವಾ? ನಮ್ಮ ಕಡೆಯವರು ಕಚೇರಿಗೆ ಬರೂದೇ ಕಷ್ಟ ಅಂತಲ್ವಾ ನಾವು ಇಷ್ಟು ದಿನ ಹೇಳಿದ್ದು?" ಆಮೇಲೆ ನೋಟ್‌ಬುಕ್ಕನ್ನು ಸಭೆಯ ಮುಂದೆ ತೆರೆದು ಓದಲಾಯಿತು. ಎರಡನೆಯ ಸಲ ಬಂದವರ ಪಟ್ಟಿಯಲ್ಲಿ ಹೆಚ್ಚಿನವರು ಹೊಳೆಯಾಚೆಯವರೇ. ಕಿಯೋಸ್ಕ್ ಅವರ ಒಂದು ನಡಿಗೆಯನ್ನೂ ತಪ್ಪಿಸುವುದಿಲ್ಲ ಎಂಬುದು ಎಲ್ಲರಿಗೂ ಕಾಣಿಸಿತು. ಕೊಡುಗೆಯನ್ನು ಸದ್ಯಕ್ಕೆ ಸ್ವೀಕರಿಸಲಾಗದೆಂದೂ, ಅಗತ್ಯಕ್ಕೆ ಹೊಂದುವ ಪ್ರಸ್ತಾವನೆಯನ್ನು ಮುಂದಿನ ಆರ್ಥಿಕ ವರ್ಷದ ಆರಂಭದಲ್ಲೇ ಕಳಿಸುವುದೆಂದೂ ಠರಾವಾಯಿತು. ಕಂಪನಿಗೆ ಬರೆದ ಪತ್ರದಲ್ಲಿ ಬರೀ ನಿರಾಕರಣೆ ಇರಲಿಲ್ಲ. ನೋಟ್‌ಬುಕ್ಕಿನ ಸಾರಾಂಶವನ್ನು ಹೆಸರುಗಳಿಲ್ಲದೆ ಲಗತ್ತಿಸಲಾಗಿತ್ತು.

ಬಡ ಪಂಚಾಯಿತಿಯೊಂದು ಬಂದ ಹಣವನ್ನು ಬೇಡವೆನ್ನಲು ಎಷ್ಟು ಗಟ್ಟಿತನ ಬೇಕೆಂಬುದು ಆ ಸಭೆಯಲ್ಲಿ ಕುಳಿತಿದ್ದವರಿಗೆ ಗೊತ್ತು. ಆ ವಾರವೆಲ್ಲ ಅಧ್ಯಕ್ಷರು ಊರಿನಲ್ಲಿ ಟೀಕೆ ಕೇಳಬೇಕಾಯಿತು. ಅವರು ಠರಾವಿನಿಂದ ಹಿಂದೆ ಸರಿಯಲಿಲ್ಲ.

ಖರ್ಚನ್ನು ಬಿಡಿಸಿ ನೋಡಿದ್ದು

ಏಪ್ರಿಲ್‌ನಲ್ಲಿ ಯೋಜನಾ ವರದಿಯನ್ನು ಹೊಸದಾಗಿ ಬರೆಯಲು ಕುಳಿತಾಗ, ಇಡೀ ಮೊತ್ತವನ್ನು ಒಬ್ಬರ ಬಳಿ ಕೇಳುವ ಯೋಚನೆಯನ್ನೇ ಬಿಡಲಾಯಿತು. ಪಿಡಿಒ ಅವರ ಹಾಳೆಯ ಪ್ರಕಾರ ಖರ್ಚನ್ನು ಮೂರಾಗಿ ಬಿಡಿಸಿದರು: ಕೊಳ್ಳುವುದು, ಕಟ್ಟುವುದು, ನಡೆಸುವುದು. ಮೂರರಲ್ಲಿ ನಡೆಸುವ ಖರ್ಚನ್ನು ಮೊದಲು ಕೈಗೆತ್ತಿಕೊಂಡದ್ದು ಈ ಪ್ರಕರಣದ ನಿರ್ಣಾಯಕ ಹೆಜ್ಜೆ.

ಅಂದಾಜಿನ ಮೊದಲ ಕರಡಿನಲ್ಲಿ ಎಸ್‌ಎಂಎಸ್ ಸೇವೆ ಇತ್ತು. ಲೆಕ್ಕ ಹಾಕಿದಾಗ ಅದು ಕಾಣುವುದಕ್ಕಿಂತ ದುಬಾರಿ ಎಂದು ತಿಳಿಯಿತು. ಇಂಗ್ಲಿಷ್ ಲಿಪಿಯ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡ ಲಿಪಿಯದರಲ್ಲಿ 70 ಮಾತ್ರ. ಗುಣಿತದ ಚಿಹ್ನೆ, ಒತ್ತಕ್ಷರಗಳೂ ಬಿಡಿಬಿಡಿಯಾಗಿ ಎಣಿಕೆಗೆ ಬರುತ್ತವೆ. 'ನಿಮ್ಮ ಅರ್ಜಿ ಇಂಥ ಹಂತದಲ್ಲಿದೆ' ಎಂದು ಸರಿಯಾದ ಕನ್ನಡದಲ್ಲಿ ಹೇಳಲು ಎರಡು ಮೂರು ಸಂದೇಶಗಳ ದರ ತೆರಬೇಕು. ಅದಕ್ಕೂ ಮೊದಲು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಾವಳಿಯಂತೆ, ಕಳುಹಿಸುವ ಸಂಸ್ಥೆಯ ಹೆಸರನ್ನೂ ಸಂದೇಶದ ಮಾದರಿಯನ್ನೂ ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ನೋಂದಾಯಿಸಬೇಕು. ಇಷ್ಟೆಲ್ಲ ಮಾಡಿದರೂ ಸಂದೇಶ ಹೋಗುವುದು ಬೆಂಗಳೂರಿನ ಅಳಿಯನಿಗೇ. ಎಸ್‌ಎಂಎಸ್ ಕೈಬಿಟ್ಟು, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಸದಸ್ಯೆಯರು ವಾರಕ್ಕೊಮ್ಮೆ ಕಚೇರಿಗೆ ಬಂದಾಗ ಟ್ಯಾಬಿಗೆ ಅರ್ಜಿಗಳ ಸ್ಥಿತಿಯ ಪಟ್ಟಿ ಇಳಿಸಿಕೊಂಡು ಹೋಗಿ ಮಜರೆಗಳಲ್ಲಿ ತಿಳಿಸುವುದೆಂದು ನಿರ್ಧಾರವಾಯಿತು. ಅರ್ಜಿಗಳನ್ನು ಅಲ್ಲಿಯೇ ಪಡೆದು ಸ್ಥಳೀಯ ಸಂಖ್ಯೆಯ ಚೀಟಿ ಕೊಡುವವರೂ ಅವರೇ.

ಅಲ್ಲಿಗೆ ನಡೆಸುವ ಖರ್ಚೆಂದರೆ ಮುಖ್ಯವಾಗಿ ಒಕ್ಕೂಟಕ್ಕೆ ಸೇವಾ ಶುಲ್ಕ, ರಿಪೇರಿ, ತಂತ್ರಾಂಶದ ದುರಸ್ತಿ. ಇದನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದಲೇ ಭರಿಸಬೇಕಿತ್ತು. ಮನೆ ಕಂದಾಯ ಮತ್ತು ನೀರಿನ ಶುಲ್ಕದಿಂದ ಬರುವ ಆ ಹಣದಲ್ಲಿ ಪರಿಶಿಷ್ಟರ ಮತ್ತು ಅಂಗವಿಕಲರ ಮೀಸಲು ತೆಗೆದು, ನೀರುಗಂಟಿಗಳ ಸಂಬಳ, ಬೀದಿದೀಪದ ದುರಸ್ತಿ ಕಳೆದರೆ ಉಳಿಯುವುದು ಅತ್ಯಲ್ಪ. ಬಾಕಿ ಕಂದಾಯ ವಸೂಲಿಗೆ ಸದಸ್ಯರು ತಮ್ಮ ತಮ್ಮ ವಾರ್ಡಿನಲ್ಲಿ ಕರ ವಸೂಲಿಗಾರರ ಜೊತೆ ಹೋಗುವುದೆಂದೂ, ಹೆಚ್ಚಾಗಿ ಬಂದ ವಸೂಲಿಯಲ್ಲಿ ಗೊತ್ತಾದ ಪಾಲನ್ನು ಈ ಸೇವೆಗೆ ಪ್ರತ್ಯೇಕ ಬಾಬ್ತಾಗಿ ಮೂರು ವರ್ಷ ಇಡುವುದೆಂದೂ ಗ್ರಾಮ ಸಭೆಯಲ್ಲಿ ಒಪ್ಪಿಗೆಯಾಯಿತು. ಹಲವರು ವಿರೋಧಿಸಿದರು. ಅಡಕೆಗೆ ಎಲೆಚುಕ್ಕೆ ರೋಗ ಬಿದ್ದಿರುವ ಕಾಲದಲ್ಲಿ ಕಂದಾಯದ ಒತ್ತಡ ಸರಿಯಲ್ಲ ಎಂಬ ಅವರ ಮಾತಿಗೆ ಬೆಲೆ ಕೊಟ್ಟು, ಬಾಕಿಯನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ಮಾಡಲಾಯಿತು.

ಆ ಠರಾವಿನ ಪ್ರತಿಯನ್ನು ವರದಿಯ ಮೊದಲ ಲಗತ್ತಾಗಿ ಇಟ್ಟು ಅದೇ ಕಂಪನಿಗೆ ಮತ್ತೆ ಬರೆದರು. ಈ ಸಲ ಕೇಳಿದ್ದು ಟ್ಯಾಬ್‌ಗಳು, ಕಚೇರಿಗೆ ಸೌರ ಬ್ಯಾಟರಿ, ಒಕ್ಕೂಟದ ಸದಸ್ಯೆಯರಿಗೆ ಎರಡು ವರ್ಷ ತರಬೇತಿ. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಾಮಾಜಿಕ ಹೊಣೆಗಾರಿಕೆ ನಿಯಮಗಳು ಇಲ್ಲಿ ಅನುಕೂಲಕ್ಕೆ ಬಂದವು. ಆ ಹಣದಿಂದ ಆದ ಬಂಡವಾಳ ಆಸ್ತಿಯನ್ನು ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿ ಇಡಬಹುದು, ಹೀಗಾಗಿ ಟ್ಯಾಬ್‌ಗಳು ಪಂಚಾಯಿತಿಯ ಆಸ್ತಿ ವಹಿಗೆ ಸೇರಿದವು. ಒಂದೇ ವರ್ಷದಲ್ಲಿ ಮುಗಿಯದ ಕೆಲಸವನ್ನು ಚಾಲ್ತಿ ಯೋಜನೆಯೆಂದು ಪರಿಗಣಿಸಿ ಮುಂದಿನ ವರ್ಷಗಳಿಗೂ ಹಣ ಇಡಲು ಅವೇ ನಿಯಮಗಳಲ್ಲಿ ಅವಕಾಶವಿದೆ, ಆದ್ದರಿಂದ ತರಬೇತಿಯ ಎರಡನೆಯ ವರ್ಷಕ್ಕೂ ಒಪ್ಪಿಗೆ ಸಿಕ್ಕಿತು. ಮೊತ್ತ ಕಿಯೋಸ್ಕ್ ಕೊಡುಗೆಗಿಂತ ಬಹಳ ಕಡಿಮೆ. ನಿರ್ವಹಣೆಯ ಠರಾವು ತಮ್ಮ ಸಮಿತಿಯನ್ನು ಒಪ್ಪಿಸಿತು ಎಂದು ಕಂಪನಿಯವರು ಆಮೇಲೆ ಹೇಳಿದರು. ಏಪ್ರಿಲ್‌ನಲ್ಲಿ ಕೇಳಿದ್ದೂ ನೆರವಾಯಿತು: ಮಾರ್ಚಿನಲ್ಲಿ ಕಂಪನಿಗಳು ಉಳಿದ ಹಣಕ್ಕೆ ವಸ್ತು ಹುಡುಕುತ್ತಿರುತ್ತವೆ, ವರ್ಷದ ಆರಂಭದಲ್ಲಿ ವಿಚಾರವನ್ನು ಕೇಳಿಸಿಕೊಳ್ಳುವ ವ್ಯವಧಾನ ಅವರಿಗಿರುತ್ತದೆ.

ಕಟ್ಟುವ ಕೆಲಸ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳದಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಯೋಜನೆಗಳಿಗೆ ಸಣ್ಣ ನೆರವು ಕೊಡುತ್ತದೆ. ಅಧ್ಯಾಪಕರು ಆ ಮೂಲಕ ಪ್ರಸ್ತಾವನೆ ಕಳಿಸಿದರು. ಇಲ್ಲಿ ಪಂಚಾಯಿತಿ ಎರಡು ಷರತ್ತು ಹಾಕಿತು. ತಂತ್ರಾಂಶದ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) ಅದನ್ನು ನಡೆಸುವ ವಿಧಾನದ ಕನ್ನಡ ಟಿಪ್ಪಣಿಯನ್ನೂ ಪಂಚಾಯಿತಿಗೆ ಒಪ್ಪಿಸಬೇಕು. ಟ್ಯಾಬ್‌ನಲ್ಲಿ ಆಧಾರ್ ಪ್ರತಿಯಾಗಲಿ ಫೋಟೊ ಆಗಲಿ ಉಳಿಯಬಾರದು. ಹೆಸರು, ಮಜರೆ, ಸೇವೆ, ದಿನಾಂಕ, ಸ್ಥಿತಿ ಇಷ್ಟೇ ಸಾಕು. ಎರಡನೆಯ ಷರತ್ತಿನ ಹಿಂದೆ ಹಣದ ವಿಚಾರವೂ ಇತ್ತು. ಜನರ ವೈಯಕ್ತಿಕ ದಾಖಲೆ ಸಂಗ್ರಹಿಸುವ ದೊಡ್ಡ ಜಾಲತಾಣ ಕಟ್ಟಿ ರಾಜ್ಯದ ದತ್ತಾಂಶ ಕೇಂದ್ರದಲ್ಲಿ ಇಡಬೇಕಾದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಮಾನ್ಯತೆಯ ಸಂಸ್ಥೆಯಿಂದ ಭದ್ರತಾ ಪರಿಶೋಧನೆ ಆಗಬೇಕು. ಅದರ ವೆಚ್ಚ ಮೊದಲ ಕರಡಿನಲ್ಲಿ ಎಲ್ಲೂ ಇರಲಿಲ್ಲ. ಕಡಿಮೆ ಮಾಹಿತಿ ಇಟ್ಟುಕೊಳ್ಳುವುದು ಜನರ ಖಾಸಗಿತನಕ್ಕೂ ಪಂಚಾಯಿತಿಯ ಕಿಸೆಗೂ ಒಳಿತಾಯಿತು.

ಕಚೇರಿಯ ಪ್ರಿಂಟರು, ರೂಟರು, ವಯರಿಂಗ್‌ಗೆ 15ನೇ ಹಣಕಾಸಿನ ಮುಕ್ತ ಭಾಗದಿಂದ ಕ್ರಿಯಾ ಯೋಜನೆಯಲ್ಲಿ ಸೇರಿಸಿದಾಗ ತಾಲ್ಲೂಕು ಪಂಚಾಯಿತಿಯಿಂದ ಒಂದು ಗಂಭೀರ ಪ್ರಶ್ನೆ ಬಂತು: ಒಂದೇ ಯೋಜನೆಯನ್ನು ಹೀಗೆ ಹಲವು ಭಾಗ ಮಾಡುವುದು ತುಂಡು ಗುತ್ತಿಗೆಯಲ್ಲವೇ? ಟೆಂಡರ್ ತಪ್ಪಿಸಲು ಖರೀದಿಯನ್ನು ಒಡೆಯುವುದಕ್ಕೆ 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ ಆಸ್ಪದ ಕೊಡುವುದಿಲ್ಲ, ಪ್ರಶ್ನೆ ನ್ಯಾಯವಾದದ್ದೇ. ಪಂಚಾಯಿತಿ ಕೊಟ್ಟ ಉತ್ತರ ಕಡತದಲ್ಲಿದೆ. ಒಂದೇ ಬಗೆಯ ವಸ್ತುವನ್ನು ಎರಡು ಬಿಲ್ಲಿಗೆ ಹಂಚಿಲ್ಲ. ಕಂಪನಿ ಕೊಟ್ಟ ಟ್ಯಾಬ್ ಪಂಚಾಯಿತಿಯ ಖರೀದಿಯೇ ಅಲ್ಲ. ತನ್ನ ಹಣದ ಸಾಮಗ್ರಿಯೆಲ್ಲ ಒಂದೇ ಖರೀದಿ ಪ್ರಕ್ರಿಯೆಯಲ್ಲಿ ಬಂದಿದೆ. ಯಾವ ಮೂಲದಿಂದ ಯಾವ ಖರ್ಚು ಎಂಬ ಒಂದು ಪುಟದ ತಖ್ತೆ ಪ್ರತಿ ಬಿಲ್ಲಿನ ಜೊತೆಗಿದೆ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರಲಿಲ್ಲ. ಹಲವು ಮೂಲಗಳಿಂದ ಹಣ ಸೇರಿಸುವವರು ಇಂಥ ತಖ್ತೆಯನ್ನು ಮೊದಲ ದಿನವೇ ತಯಾರಿಸಿಟ್ಟುಕೊಳ್ಳಬೇಕು. ಆಮೇಲೆ ನೆನಪಿನಿಂದ ಬರೆದ ತಖ್ತೆಯನ್ನು ಯಾವ ಲೆಕ್ಕಪರಿಶೋಧಕರೂ ನಂಬುವುದಿಲ್ಲ.

ಮೊದಲ ಮಳೆಗಾಲ ಮತ್ತು ಆಮೇಲೆ

ಸೇವೆ ಶುರುವಾದದ್ದು ಮಳೆ ಹಿಡಿಯುವ ಹೊತ್ತಿಗೆ, ಪರೀಕ್ಷೆಗೆ ತಕ್ಕ ಕಾಲದಲ್ಲೇ. ಕರೆಂಟಿಲ್ಲದ ವಾರಗಳಲ್ಲಿ ಟ್ಯಾಬ್‌ಗಳು ಕೆಲಸ ಮಾಡಿದವು, ಚೀಟಿಗಳು ಜನರ ಕೈಸೇರಿದವು. ಸ್ಥಳೀಯ ಸಂಖ್ಯೆಯ ದಿನಾಂಕಕ್ಕೂ ಸಕಾಲ ಸಂಖ್ಯೆಯ ದಿನಾಂಕಕ್ಕೂ ಇರುವ ಅಂತರ ಈಗ ಕಚೇರಿಯ ಗೋಡೆಯ ಮೇಲೆ ಪ್ರತಿ ವಾರ ಕಾಣಿಸತೊಡಗಿದ್ದರಿಂದ, ಬಾಕಿ ಅರ್ಜಿಗಳನ್ನು ಸರ್ವರ್ ಬಂದ ದಿನವೇ ಸೇರಿಸಿ ಮುಗಿಸುವ ರೂಢಿ ಸಿಬ್ಬಂದಿಯಲ್ಲಿ ತಾನಾಗಿ ಬೆಳೆಯಿತು. ನೋಟ್‌ಬುಕ್ಕಿನಲ್ಲಿ 'ಅರ್ಜಿ ವಿಚಾರಿಸಲು' ಎಂಬ ಕಾರಣ ಬರೆದ ಸಾಲುಗಳು ಹಿಂದಿನ ಮಳೆಗಾಲಕ್ಕಿಂತ ಎದ್ದು ಕಾಣುವಷ್ಟು ಕಡಿಮೆಯಾದವು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ವಿದ್ಯಾರ್ಥಿಗಳು ಪದವಿ ಮುಗಿಸಿ ಹೊರಟ ಕೆಲವೇ ತಿಂಗಳಲ್ಲಿ ಟ್ಯಾಬ್‌ಗಳ ಆಂಡ್ರಾಯ್ಡ್ ನವೀಕರಣವಾಗಿ ತಂತ್ರಾಂಶ ತೆರೆಯುವುದೇ ನಿಂತಿತು. ಸದಸ್ಯೆಯರು ಕಾರ್ಬನ್ ಹಾಳೆಯಿಟ್ಟು ಕೈಬರಹದ ಚೀಟಿ ಕೊಡುತ್ತ ಸೇವೆ ನಿಲ್ಲದಂತೆ ನೋಡಿಕೊಂಡರು. ಮೂಲ ಸಂಕೇತ ಪಂಚಾಯಿತಿಯ ಬಳಿ ಇದ್ದುದರಿಂದ, ನಿರ್ವಹಣೆ ಬಾಬ್ತಿನ ಹಣದಿಂದ ಸ್ಥಳೀಯ ತಂತ್ರಜ್ಞರೊಬ್ಬರು ಅದನ್ನು ಸರಿಪಡಿಸಿದರು. ಆ ಎರಡರಲ್ಲಿ ಒಂದು ಇಲ್ಲದಿದ್ದರೂ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. ಒಕ್ಕೂಟಕ್ಕೆ ಸೇವಾ ಶುಲ್ಕ ಸಂದಾಯವಾಗುವುದು ತಡವಾದಾಗ ಇಬ್ಬರು ಸದಸ್ಯೆಯರು ಅಡಕೆ ಸುಲಿಯುವ ಕೆಲಸಕ್ಕೆ ಹೋದರು, ಅವರ ಮಜರೆಗಳಲ್ಲಿ ಆ ಅವಧಿಯಲ್ಲಿ ಯಾರೂ ಸುಳಿಯಲಿಲ್ಲ. ಈ ಸೇವೆಯ ನಿಜವಾದ ಬಂಡವಾಳ ಆ ಹೆಣ್ಣುಮಕ್ಕಳ ನಡಿಗೆ ಎಂಬುದನ್ನು ಲೆಕ್ಕದ ಪುಸ್ತಕ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ಅವರ ಶುಲ್ಕವನ್ನು ಬೇರೆಲ್ಲ ಬಿಲ್ಲುಗಳಿಗಿಂತ ಮೊದಲು ಪಾವತಿಸಬೇಕೆಂದು ಮುಂದಿನ ಸಭೆ ತೀರ್ಮಾನಿಸಿತು, ಪಾಲನೆ ಸುಧಾರಿಸಿದೆ.

ನೆಟ್‌ವರ್ಕಿನ ಮೂಲ ತೊಂದರೆ ಪಂಚಾಯಿತಿಯ ಕೈಮೀರಿದ್ದು. ಅದಕ್ಕಿರುವ ಹಣವೂ ಬೇರೆ ಪ್ರಮಾಣದ್ದು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿಯಾದ ಭಾರತ್‌ನೆಟ್ ಕಾರ್ಯಕ್ರಮದ ಗಾತ್ರ 1,39,579 ಕೋಟಿ ರೂಪಾಯಿ, ಅದರ ಗುತ್ತಿಗೆಗಳಲ್ಲಿ ನಿರ್ಮಾಣದ ಜೊತೆಗೆ ಹತ್ತು ವರ್ಷದ ನಿರ್ವಹಣೆಯನ್ನೂ ಸೇರಿಸಲಾಗಿದೆ. ಕೇಬಲ್ ಎಳೆದರೆ ಸಾಲದು, ಹರಿದಾಗ ಜೋಡಿಸುವ ಖರ್ಚೂ ಮೊದಲೇ ಗೊತ್ತಾಗಿರಬೇಕೆಂದು ಅಷ್ಟು ದೊಡ್ಡ ಯೋಜನೆಯೂ ಒಪ್ಪಿರುವುದು ಈ ಪಂಚಾಯಿತಿಯ ಸದಸ್ಯರಿಗೆ ಬಲ ಕೊಟ್ಟಿದೆ. ತಾಲ್ಲೂಕು ಸಭೆಗಳಲ್ಲಿ ಅವರು ಅದನ್ನು ಎತ್ತಿ ಹೇಳುತ್ತಾರೆ.

ಪಕ್ಕದ ಎರಡು ಪಂಚಾಯಿತಿಗಳು ತಂತ್ರಾಂಶದ ಪ್ರತಿ ಕೇಳಿ ಬಂದಿವೆ. ಅವಕ್ಕೆ ಮೊದಲು ಕೊಟ್ಟದ್ದು ನೋಟ್‌ಬುಕ್ಕಿನ ಕಲಮುಗಳ ಮಾದರಿ, ನಿರ್ವಹಣೆ ಬಾಬ್ತಿನ ಠರಾವು, ಮೂಲವಾರು ಖರ್ಚಿನ ತಖ್ತೆ. ಒಂದು ಮಳೆಗಾಲದ ನೋಟ್‌ಬುಕ್ಕು ಮತ್ತು ತಮ್ಮ ಸಭೆಯ ಠರಾವು ತಂದ ಮೇಲೆ ತಂತ್ರಾಂಶ ಕೊಡುವುದೆಂದು ಮಾತಾಗಿದೆ. ಒಂದು ಪಂಚಾಯಿತಿ ನೋಟ್‌ಬುಕ್ಕು ಶುರುಮಾಡಿದೆ, ಇನ್ನೊಂದರಲ್ಲಿ ಠರಾವಿಗೆ ಬಹುಮತ ಸಿಕ್ಕಿಲ್ಲ. ಮೂಲ ಪಂಚಾಯಿತಿಯಲ್ಲಿ ಮೂರು ವರ್ಷದ ಬಾಬ್ತು ಮುಗಿಯುವ ಮುನ್ನ ಅದನ್ನು ಮುಂದುವರಿಸುವ ವಿಷಯ ಆಯವ್ಯಯ ಸಭೆಗೆ ಬರಲಿದೆ. ಕಾರ್ಯಸೂಚಿಯ ಕರಡಿನಲ್ಲಿ ಪಿಡಿಒ ಅವರು ಅದನ್ನು ನೀರಿನ ವಿಷಯದ ನಂತರ, ರಸ್ತೆಯ ವಿಷಯಕ್ಕಿಂತ ಮೊದಲು ಇಟ್ಟಿದ್ದಾರೆ.